ಮಳೆ ನಿಂತ ಮೇಲಿನ ಮೂರು ದಿನ: ಜಿದ್ದಾ ನೆರೆ ಮತ್ತು ನಮ್ಮ ಕೊಲ್ಲಿಯ ಮನೆಗಳು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕರಾವಳಿಯ ಜನಜೀವನಕ್ಕೆ ಉಪಯೋಗವಾಗುವ ವಿಷಯದ ಮೇಲೆ ಮಾತಾಡಬೇಕು ಎಂದು ಸಂಘಟಕರು ಹೇಳಿದ್ದರು. ಕರಾವಳಿಯ ಜನಜೀವನದ ದೊಡ್ಡದೊಂದು ಪಾಲು ಈಗ ಕರಾವಳಿಯಲ್ಲಿಲ್ಲ. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಜಿದ್ದಾದಲ್ಲೋ ರಿಯಾದಿನಲ್ಲೋ ದಮ್ಮಾಮಿನಲ್ಲೋ ಜುಬೈಲಿನಲ್ಲೋ ಇದ್ದಾರೆ. ಈ ಸಭೆಯಲ್ಲೂ ಅಂಥವರ ತಂದೆ ತಾಯಂದಿರು, ಹೆಂಡತಿಯರು, ಅಣ್ಣತಮ್ಮಂದಿರು ಕೂತಿದ್ದೀರಿ. ನಾನು ಜಿದ್ದಾದಲ್ಲಿ ಕಟ್ಟಡಗಳ ನಿರ್ವಹಣೆಯ ಕೆಲಸ ಮಾಡಿದವನು. ದೊಡ್ಡ ಮಳೆ ಬಂದು ಹೋದ ಮೇಲೆ ಅಲ್ಲಿನ ಒಂದು ಸಾಧಾರಣ ಮನೆಯಲ್ಲಿ ಏನಾಗುತ್ತದೆ, ಆ ಮನೆ ಮೊದಲೇ ಏನು ಮಾಡಿಟ್ಟುಕೊಂಡಿರಬೇಕು ಎಂಬುದನ್ನು ಹೇಳಲು ಇಲ್ಲಿ ನಿಂತಿದ್ದೇನೆ.

ಸೌದಿಯಲ್ಲಿ ಎಂಥ ಮಳೆ ಎಂದು ಊರಿನಲ್ಲಿ ಕೇಳುವವರು ಬಹಳ. ಪ್ರಶ್ನೆ ಸಹಜವೇ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ. ಜಿದ್ದಾಕ್ಕೆ ವರ್ಷವಿಡೀ ಸೇರಿದರೂ 50 ಮಿ.ಮೀ. ಆಸುಪಾಸು. ಇಲ್ಲಿ ಆಷಾಢದ ಒಂದು ದಿನ 90 ಮಿ.ಮೀ. ಸುರಿದರೆ ಮಕ್ಕಳಿಗೆ ರಜೆ ಕೊಡುತ್ತಾರೋ ಎಂದು ನೋಡುತ್ತೇವೆ, ಅಷ್ಟೆ. ಹೆಚ್ಚುಕಡಿಮೆ ಅಷ್ಟೇ ಮಳೆ 2009ರ ನವೆಂಬರ್ 25ರ ಬುಧವಾರ ಜಿದ್ದಾದ ಮೇಲೆ ನಾಲ್ಕು ಗಂಟೆಯೊಳಗೆ ಸುರಿಯಿತು. 120ಕ್ಕೂ ಹೆಚ್ಚು ಜನ ತೀರಿಕೊಂಡರು.

ಮಳೆಯ ಲೆಕ್ಕ ನೋಡಿದರೆ ಈ ಸಾವು ಅರ್ಥವಾಗುವುದಿಲ್ಲ. ಊರಿನ ನೆಲ ನೋಡಬೇಕು. ಜಿದ್ದಾದ ಪಶ್ಚಿಮಕ್ಕೆ ಕೆಂಪು ಸಮುದ್ರ, ಪೂರ್ವಕ್ಕೆ ಹಿಜಾಜಿನ ಬೋಳು ಬೆಟ್ಟಗಳು. ಆ ಬೆಟ್ಟಗಳಿಂದ ಸಮುದ್ರದ ಕಡೆಗೆ ಒಣ ಹೊಳೆಪಾತ್ರಗಳು ಇಳಿದು ಬರುತ್ತವೆ. ವಾದಿ ಎಂದು ಅವುಗಳ ಹೆಸರು. ವರ್ಷಗಟ್ಟಲೆ ಅವುಗಳಲ್ಲಿ ತೊಟ್ಟು ನೀರೂ ಇರುವುದಿಲ್ಲ, ನೋಡಿದವರಿಗೆ ಅದು ಹೊಳೆ ಎಂದೇ ಅನ್ನಿಸುವುದಿಲ್ಲ. ಹಾಗಾಗಿ ಊರು ಬೆಳೆದಂತೆಲ್ಲ ವಾದಿಯ ಮೇಲೆಯೇ ಮನೆಗಳೆದ್ದವು, ರಸ್ತೆಗಳು ಬಂದವು. ಗಿಡವಿಲ್ಲದ ಬೆಟ್ಟಕ್ಕೆ ಬಿದ್ದ ಮಳೆ ಇಂಗುವುದಿಲ್ಲ, ಪೂರ್ತಿ ಇಳಿದು ಬರುತ್ತದೆ. ಆ ದಿನ ಪೂರ್ವ ಜಿದ್ದಾದ ಕುವೈಜಾ ಬಡಾವಣೆಗೆ ನೀರು ನುಗ್ಗಿದ್ದು ಹೀಗೆ. ಹಜ್ ಯಾತ್ರೆ ಶುರುವಾಗುವ ದಿನ ಬೇರೆ. ಮಕ್ಕಾ ಕಡೆಯ ರಸ್ತೆಗಳಲ್ಲಿ ವಾಹನಗಳು ತುಂಬಿದ್ದವು, ಸತ್ತವರಲ್ಲಿ ಅನೇಕರು ತಮ್ಮ ಕಾರಿನಲ್ಲೇ ಇದ್ದವರು. ಕುವೈಜಾದಲ್ಲಿ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದ ಪಾಕಿಸ್ತಾನದ ಸ್ವಾತ್ ಕಣಿವೆಯ ಫರ್ಮಾನ್ ಅಲಿ ಖಾನ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಹದಿನಾಲ್ಕು ಜನರನ್ನು ಎಳೆದು ತಂದ. ಹದಿನೈದನೆಯವರಿಗಾಗಿ ಇಳಿದವ ಮೇಲೆ ಬರಲಿಲ್ಲ. ಸೌದಿ ಸರಕಾರ ಅವನಿಗೆ ಮರಣೋತ್ತರವಾಗಿ ದೊರೆ ಅಬ್ದುಲ್ ಅಜೀಜ್ ಹೆಸರಿನ ಪದಕ ಕೊಟ್ಟಿತು. ಜಿದ್ದಾದ ಒಂದು ಬೀದಿಗೆ ಅವನ ಹೆಸರಿಟ್ಟಿದೆ. ದುಡಿಯಲು ಬಂದ ಒಬ್ಬ ಪರದೇಶಿಯ ಹೆಸರು ಆ ನಗರದ ಬೀದಿಗೆ ಸಿಕ್ಕಿದ್ದನ್ನು ಅಲ್ಲಿ ದುಡಿದ ನಮ್ಮಂಥವರು ಮರೆಯುವುದಿಲ್ಲ.

2011ರ ಜನವರಿ 26ರಂದು ಮತ್ತೆ ಬಂತು. ಮೂರು ಗಂಟೆಯಲ್ಲಿ 111 ಮಿ.ಮೀ. ಉಮ್ಮುಲ್ ಖೈರ್ ಬಡಾವಣೆಯ ಅಣೆಕಟ್ಟು ಒಡೆಯಿತು. ಕಚೇರಿಗೆ ಹೋದವರು ಕಚೇರಿಯಲ್ಲಿ, ಶಾಲೆಗೆ ಹೋದ ಮಕ್ಕಳು ಶಾಲೆಯಲ್ಲಿ ರಾತ್ರಿ ಕಳೆದರು. 2009ರ ನಂತರದ ವರ್ಷಗಳಲ್ಲಿ ಸರಕಾರ ಹೊಸ ಅಣೆಕಟ್ಟುಗಳನ್ನು ಕಟ್ಟಿಸಿತು, ದೊಡ್ಡ ಮಳೆನೀರು ಕಾಲುವೆಗಳನ್ನು ತೆಗೆಸಿತು, ನಗರದ ಪೂರ್ವಕ್ಕೆ ಕೊಳಚೆ ತುಂಬಿಕೊಂಡು ಭಯ ಹುಟ್ಟಿಸುತ್ತಿದ್ದ ‘ಮಿಸ್ಕ್ ಸರೋವರ’ವನ್ನು ಖಾಲಿ ಮಾಡಿಸಿತು. 2022ರ ನವೆಂಬರ್ 24ರಂದು ಬಂದ ಮಳೆ ಹಿಂದಿನ ಎರಡನ್ನೂ ಮೀರಿಸಿತು: ಆರು ಗಂಟೆಯಲ್ಲಿ 179 ಮಿ.ಮೀ. ಮಕ್ಕಾ ರಸ್ತೆ ಮುಚ್ಚಿತು, ವಿಮಾನಗಳು ತಡವಾದವು, ಕಾರುಗಳು ತೇಲಿದವು. ಸತ್ತವರು ಇಬ್ಬರು.

2009ರ ಎರಡರಷ್ಟು ಮಳೆಯಲ್ಲಿ ಇಬ್ಬರೇ ಸತ್ತರು ಎಂಬುದು ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಕಾಲುವೆಗಳು ಇದ್ದವು, ಮುನ್ನೆಚ್ಚರಿಕೆ ಫೋನಿಗೆ ಬಂದಿತ್ತು, ಶಾಲೆಗಳು ಮುಚ್ಚಿದ್ದವು. ಸಿದ್ಧತೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಸರಕಾರದ ಸಿದ್ಧತೆ ರಸ್ತೆಯವರೆಗೆ ಬರುತ್ತದೆ, ಗೇಟಿನ ಒಳಗೆ ಬರುವುದಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೆ, ಮುಂದಿನ ಮೂರು ದಿನಗಳಲ್ಲಿ, ಗೇಟಿನ ಒಳಗೆ ಇನ್ನೊಂದು ಆಪತ್ತು ನಡೆಯುತ್ತದೆ. ಅದು ಪತ್ರಿಕೆಗೆ ಬರುವುದಿಲ್ಲ. ನಾನು ಕೆಲಸದಲ್ಲಿ ಹೆಚ್ಚು ಕಂಡದ್ದು ಅದನ್ನೇ.

ನೀರಿನಿಂದ ಶುರು ಮಾಡುತ್ತೇನೆ. ಅಲ್ಲಿನ ಫ್ಲಾಟ್ ಕಟ್ಟಡಗಳಲ್ಲಿ ನೀರು ಮೊದಲು ಬಂದು ಬೀಳುವುದು ನೆಲದಡಿಯ ತೊಟ್ಟಿಗೆ. ಖಜ್ಜಾನ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಕಟ್ಟಡದ ಮುಂಬಾಗಿಲ ಬಳಿ ಅಥವಾ ಕಾರು ನಿಲ್ಲಿಸುವ ಜಾಗದಲ್ಲಿರುತ್ತದೆ. ಮೇಲೆ ಒಂದು ಚೌಕದ ಕಬ್ಬಿಣದ ಮುಚ್ಚಳ, ಅದರ ಸುತ್ತ ನೆಲಕ್ಕಿಂತ ಎರಡು ಬೆರಳೂ ಎತ್ತರವಿಲ್ಲದ ಸಿಮೆಂಟು ಕಟ್ಟೆ. ಕೆಲವೆಡೆ ಅದೂ ಇಲ್ಲ, ಮುಚ್ಚಳ ನೆಲಕ್ಕೇ ಸಮ. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಶೌಚದ ಗುಂಡಿಯ ಮುಚ್ಚಳ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತರೆ ಎರಡೂ ಮುಚ್ಚಳ ಒಂದೇ ನೀರಿನಡಿ. ಗುಂಡಿಯದ್ದು ಮೇಲೆ ಬರುತ್ತದೆ, ಬೀದಿಯದ್ದು ತೊಟ್ಟಿಗಿಳಿಯುತ್ತದೆ. ಕರೆಂಟು ಬಂದ ಕೂಡಲೇ ಪಂಪು ತನ್ನಷ್ಟಕ್ಕೆ ಓಡಿ ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ನಾಲ್ಕನೇ ಮಹಡಿಯಲ್ಲಿ, ನೆರೆಯ ಒಂದು ಹನಿಯೂ ತಾಗದ ಅಡುಗೆಮನೆಯಲ್ಲಿ, ನಮ್ಮ ಹೆಣ್ಣುಮಗಳೊಬ್ಬಳು ನಲ್ಲಿ ತಿರುಗಿಸಿ ಅಕ್ಕಿ ತೊಳೆಯುತ್ತಾಳೆ. ನೀರು ತುಸು ಮಣ್ಣುಬಣ್ಣ ಅನ್ನಿಸಿದರೂ ಮಳೆ ಬಂದಿದೆಯಲ್ಲ, ಸಹಜ ಎಂದುಕೊಳ್ಳುತ್ತಾಳೆ. ಮೂರನೇ ದಿನ ಮನೆಯ ಮಕ್ಕಳಿಗೆಲ್ಲ ವಾಂತಿಭೇದಿ.

ಇದಕ್ಕೆ ಮಾಡಬೇಕಾದ್ದು ಕಷ್ಟದ್ದೇನಲ್ಲ. ಮಳೆ ಶುರುವಾಗುತ್ತಲೇ, ಅಂಗಳದಲ್ಲಿ ನೀರು ನಿಲ್ಲುವ ಮೊದಲೇ, ಪಂಪಿನ ಸ್ವಿಚ್ಚು ಆರಿಸಬೇಕು. ಆಗ ತಾರಸಿಯ ಟ್ಯಾಂಕಿನಲ್ಲಿದ್ದ ನೀರು ಒಳ್ಳೆಯದಾಗಿಯೇ ಉಳಿಯುತ್ತದೆ, ಎರಡು ದಿನ ಅದರಲ್ಲೇ ಕಳೆಯಬಹುದು. ಇದನ್ನು ಕಟ್ಟಡ ನೋಡಿಕೊಳ್ಳುವ ಹಾರಿಸ್‌ಗೆ ಮೊದಲೇ ಹೇಳಿಟ್ಟಿರಬೇಕು. ನೀರು ಇಳಿದ ಮೇಲೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿಸಿ, ಗೋಡೆ ನೆಲ ಉಜ್ಜಿಸಿ, ಹೊಸ ನೀರು ತುಂಬಿಸಿ, ಪ್ರತಿ ಸಾವಿರ ಲೀಟರಿಗೆ ಒಂದು ಲೀಟರಿನಂತೆ ಶೇ. 5ರ ಸಾದಾ ಬ್ಲೀಚು, ಅಲ್ಲಿನ ಮನೆಮಾತಿನಲ್ಲಿ ಕ್ಲೋರಾಕ್ಸ್, ಹಾಕಿ ರಾತ್ರಿಯಿಡೀ ಬಿಡಬೇಕು. ಮಾರನೇ ದಿನ ಆ ನೀರನ್ನು ಚೆಲ್ಲಿ ಮತ್ತೆ ತುಂಬಿಸಿದರೆ ಬಳಸಬಹುದು. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ನೆರೆನೀರು ಹೊಕ್ಕ ತೊಟ್ಟಿಗೆ ಯಾರೂ ಒಬ್ಬರೇ ಇಳಿಯಬಾರದು. ಶೌಚದ ಗುಂಡಿಯ ಗಾಳಿ ಅಲ್ಲಿ ಕೂತಿರುತ್ತದೆ, ಇಳಿದವರು ಕೂಗಲೂ ಆಗದೆ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಪರಿಚಯದ ಹುಡುಗನಿಗೆ ಐವತ್ತು ರಿಯಾಲು ಕೊಟ್ಟು ಇಳಿಸುವ ಕೆಲಸ ಇದಲ್ಲ. ತೊಟ್ಟಿ ತೊಳೆಯುವವರನ್ನೇ ಕರೆಸಿ.

ಕುಡಿಯಲು ಬೇರೆ ನೀರು ಇಲ್ಲದೇ ಹೋದರೆ ಕುದಿಸಿ ಕುಡಿಯುವುದೇ ಸರಿ. ಗ್ಯಾಸೂ ಮುಗಿದಿದ್ದರೆ, ತಿಳಿಯಾದ ಒಂದು ಲೀಟರ್ ನೀರಿಗೆ ಪರಿಮಳ ಸೇರಿಸದ ಅದೇ ಬ್ಲೀಚಿನ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಬೇಕು. ಮನೆಯಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು ಯಾವಾಗಲೂ ಇರಲಿ. ನಾಲ್ಕು ಜನರ ಸಂಸಾರಕ್ಕೆ ಬಖಾಲಾದಿಂದ, ಅಂದರೆ ಕಿರಾಣಿ ಅಂಗಡಿಯಿಂದ, ತರುವ ದೊಡ್ಡ ಬಾಟಲಿಗಳು ಮೂರು ಸಾಕು. ಖಾಲಿಯಾದ ಮೇಲೆ ತರುವುದನ್ನು ಬಿಟ್ಟು, ನವೆಂಬರಿನಿಂದ ಮಾರ್ಚಿನವರೆಗೆ ತುಂಬಿದವು ಮನೆಯಲ್ಲಿರುವಾಗಲೇ ತರಿಸುವ ರೂಢಿ ಮಾಡಿಕೊಳ್ಳಿ. ಅಲ್ಲಿ ಮಳೆ ಬಂದರೆ ಬರುವುದು ಹೆಚ್ಚಾಗಿ ಆ ತಿಂಗಳುಗಳಲ್ಲಿ.

ಕರೆಂಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಅನೇಕ ಕಟ್ಟಡಗಳಲ್ಲಿ ಮೀಟರು ಮತ್ತು ಮುಖ್ಯ ಸ್ವಿಚ್ಚು ನೆಲಮಹಡಿಯಲ್ಲಿ. ನೀರಿನಲ್ಲಿ ನಿಂತು ಅದನ್ನು ಮುಟ್ಟಬಾರದು, ಒದ್ದೆಯಾದ ಮೇಲೆ ತಜ್ಞರು ನೋಡುವ ತನಕ ಹಾಕಲೂಬಾರದು. ಲಿಫ್ಟಿನ ಗುಂಡಿಗೆ ನೀರಿಳಿದಿರುತ್ತದೆ, ಕರೆಂಟು ಬಂತೆಂದು ಹತ್ತಬಾರದು. ಕರೆಂಟಿಲ್ಲದ ಚಳಿರಾತ್ರಿಯಲ್ಲಿ ಎ.ಸಿ. ಕೋಣೆಯ ಕಿಟಕಿ ಮುಚ್ಚಿಕೊಂಡು ಇದ್ದಿಲು ಉರಿಸಬಾರದು. ಅದರಿಂದ ಏಳುವ ವಿಷಾನಿಲಕ್ಕೆ ವಾಸನೆ ಇಲ್ಲದಿದ್ದರೂ ಕೊಲ್ಲುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಮಳೆ ಬರುವ ಹೊತ್ತಿಗೆ ಮನೆಯಲ್ಲಿರುವವರು ಯಾರು? ಗಂಡ ಕೆಲಸದಲ್ಲಿ, ಅದೂ ಎಷ್ಟೋ ಸಲ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಸೈಟಿನಲ್ಲಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಕೆಲವು ಸಲ ವಿಸಿಟಿಂಗ್ ವೀಸಾದಲ್ಲಿ ಬಂದ ಅತ್ತೆ ಮಾವ. ಮನೆಯ ಬಾಡಿಗೆ ಕರಾರು, ಹಾರಿಸ್‌ನ ನಂಬರು, ಮುಖ್ಯ ಸ್ವಿಚ್ಚಿನ ಜಾಗ, ಗ್ಯಾಸಿನ ಅಂಗಡಿ, ಎಲ್ಲವೂ ಗಂಡನ ಫೋನಿನಲ್ಲಿ ಮತ್ತು ತಲೆಯಲ್ಲಿ. ಮನೆ ಎಲ್ಲಿದೆ ಎಂದು ಕೇಳಿದರೆ ಇಂಥ ಸೂಪರ್ ಮಾರ್ಕೆಟಿನ ಹಿಂದೆ, ಹಸಿರು ಮಸೀದಿಯ ಎದುರು ಎಂದು ಹೇಳುತ್ತಾರೆ. ನಮ್ಮವರಿಗೆ ದಾರಿ ಹೇಳಲು ಇದು ಸಾಕು. ರಕ್ಷಣಾ ದಳದವರಿಗೆ ಸಾಲದು.

ಸೌದಿಯಲ್ಲಿ ಪ್ರತಿ ಕಟ್ಟಡಕ್ಕೂ ರಾಷ್ಟ್ರೀಯ ವಿಳಾಸ ಎಂದು ಒಂದಿದೆ. ಅದರ ಚಿಕ್ಕ ರೂಪ ನಾಲ್ಕು ಅಕ್ಷರ, ನಾಲ್ಕು ಅಂಕೆ. ಅದನ್ನು ಹೇಳಿದರೆ ಊರಿನಲ್ಲಿ ಆ ಕಟ್ಟಡ ಒಂದೇ. ಮಕ್ಕಾ, ರಿಯಾದ್, ಪೂರ್ವ ಪ್ರಾಂತ್ಯದಂಥ ಕಡೆ ತುರ್ತಿಗೆ 911, ಜಿದ್ದಾ ಮಕ್ಕಾ ಪ್ರಾಂತ್ಯಕ್ಕೇ ಸೇರಿದ್ದು. ಉಳಿದ ಪ್ರಾಂತ್ಯಗಳಲ್ಲಿ ನಾಗರಿಕ ರಕ್ಷಣೆಗೆ 998. ಆಂಬುಲೆನ್ಸಿಗೆ 997. ಅರಬಿ ಬಾರದಿದ್ದರೂ ಹೆದರಬೇಕಿಲ್ಲ, 911ರಲ್ಲಿ ಉರ್ದು, ಇಂಗ್ಲಿಷ್ ಬಲ್ಲವರು ಸಿಗುತ್ತಾರೆ. ಈ ನಂಬರುಗಳು, ಚಿಕ್ಕ ವಿಳಾಸ, ಕಟ್ಟಡದ ನಂಬರು, ಹಾರಿಸ್‌ನ ಮತ್ತು ಅಕ್ಕಪಕ್ಕದ ಎರಡು ಮನೆಯವರ ಫೋನು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು. ಫೋನಿನೊಳಗೆ ಇದ್ದರೆ ಸಾಲದು, ಚಾರ್ಜು ಮುಗಿದರೆ ಅದು ಇಲ್ಲದಂತೆಯೇ. ಎಂಟು ವರ್ಷದ ಮಗು ಅದನ್ನು ಓದಿ ಹೇಳುವಂತಿರಬೇಕು. ಮುಖ್ಯ ಸ್ವಿಚ್ಚು, ಗ್ಯಾಸಿನ ವಾಲ್ವು, ನೀರಿನ ವಾಲ್ವು ಎಲ್ಲಿವೆ ಎಂದು ಒಂದು ಶುಕ್ರವಾರ ಮಧ್ಯಾಹ್ನ ಮನೆಮಂದಿಗೆಲ್ಲ ತೋರಿಸಿ, ಹೆಂಡತಿಯ ಕೈಯಿಂದಲೇ ಒಮ್ಮೆ ತೆಗೆಸಿ ಹಾಕಿಸಿ. ಗಂಡಸರ ಕೆಲಸ ಎಂದು ಬಿಟ್ಟುಕೊಂಡ ಸಂಗತಿಗಳೇ ಆಪತ್ತಿನ ದಿನ ಹೆಂಗಸರ ಪಾಲಿಗೆ ಬರುತ್ತವೆ. ತಿಳಿಸದೇ ಇಟ್ಟಿದ್ದರೆ ಅದು ಆಕೆಗೆ ಮಾಡಿದ ಅನ್ಯಾಯ.

ಕಾಗದಪತ್ರಗಳಿಗೂ ಇದೇ ಮಾತು. ಇಕಾಮಾವನ್ನು, ಅಂದರೆ ಅಲ್ಲಿನ ವಾಸದ ಪರವಾನಗಿಯನ್ನು, ಈಗ ಸರಕಾರದ ಅಬ್ಶಿರ್ ಆ್ಯಪಿನಲ್ಲಿ ತೋರಿಸಬಹುದು, ಕಾರ್ಡು ಕಳೆದರೂ ಗುರುತು ಕಳೆಯುವುದಿಲ್ಲ. ಪಾಸ್‌ಪೋರ್ಟು ಹಾಗಲ್ಲ. ನೆಲಮಹಡಿಯ ಮನೆಗಳಲ್ಲಿ ಅದನ್ನು ಮಂಚದಡಿಯ ಸೂಟ್‌ಕೇಸಿನಲ್ಲಿ ಇಡುವುದು ನಮ್ಮವರ ಪದ್ಧತಿ. ನೀರು ಮೊದಲು ಸೇರುವುದು ಅಲ್ಲಿಗೇ. ಅಲ್ಲೇ ಹುಟ್ಟಿದ ಮಕ್ಕಳ ಜನನ ಪತ್ರ, ಮದುವೆಯ ದೃಢೀಕೃತ ಪ್ರಮಾಣಪತ್ರ, ಅಂಕಪಟ್ಟಿ, ಇವನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ. ಪ್ರತಿಯೊಂದರ ಚಿತ್ರ ಊರಿನಲ್ಲಿರುವ ಒಬ್ಬರ ಫೋನಿನಲ್ಲೂ ಇರಲಿ. ಕೆಲಸಗಾರರ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ ಎಂಬುದು ಸೌದಿಯ ಕಾನೂನೇ. ಅದು ನಿಮ್ಮ ಕೈಯಲ್ಲಿರಬೇಕಾದ ಕಾಗದ. ಮನೆ ತೊಳೆಯುವ ಮೊದಲು ಹಾಳಾದ ಸಾಮಾನುಗಳ ಫೋಟೋ ತೆಗೆಯಿರಿ, ಪರಿಹಾರಕ್ಕೆ ಅರ್ಜಿ ಹಾಕುವಾಗ ಅದೇ ಆಧಾರ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನೆರೆಯಲ್ಲಿ ಕೆಟ್ಟ ನಿಮ್ಮ ಕಾರಿಗೆ ಏನೂ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಹರಿಯುವ ವಾದಿಯನ್ನು ಕಾರಿನಲ್ಲಿ ದಾಟುವುದು ಅಲ್ಲಿ ದಂಡ ಬೀಳುವ ಅಪರಾಧ. ದಂಡ ಹಾಗಿರಲಿ, ಎರಡಡಿ ಹರಿಯುವ ನೀರು ಸಾಕು, ದೊಡ್ಡ ಜೀಪನ್ನೂ ಎತ್ತಿಕೊಂಡು ಹೋಗುತ್ತದೆ.

ಊಟದ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರು ಮೇ ತಿಂಗಳೊಳಗೆ ಹಪ್ಪಳ ಸಂಡಿಗೆ ಒಣಗಿಸಿ, ಹಲಸಿನ ಸೊಳೆ ಉಪ್ಪಿನಲ್ಲಿಟ್ಟು, ಒಣಮೀನು ಕಟ್ಟಿಟ್ಟು, ಮಾವಿನಮಿಡಿ ಭರಣಿಗೆ ಹಾಕಿ, ಕಟ್ಟಿಗೆಯನ್ನು ಸೂರಿನಡಿ ಪೇರಿಸಿಕೊಳ್ಳುತ್ತಿದ್ದರು. ಹೊಳೆ ತುಂಬಿ ದೋಣಿ ನಿಂತರೂ ಮನೆ ನಡೆಯಬೇಕು ಎಂಬ ಲೆಕ್ಕ ಅದು. ಕೆಳಗೆ ಇಳಿದರೆ ಮಧ್ಯರಾತ್ರಿಯಲ್ಲೂ ಬಖಾಲಾ ತೆರೆದಿರುವ ಊರಿಗೆ ಹೋದ ಮೇಲೆ ಆ ಲೆಕ್ಕ ನಮ್ಮಿಂದ ಕಳಚಿಕೊಂಡಿತು. ಬೀದಿಯಲ್ಲಿ ನೀರು ನಿಂತ ದಿನ ಮೊದಲು ಮುಳುಗುವುದು ನೆಲಮಹಡಿಯ ಆ ಅಂಗಡಿಯೇ. ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಖರ್ಜೂರ, ಹುರಿಗಡಲೆ, ಮಕ್ಕಳಿಗೆ ಹಾಲಿನ ಪುಡಿ, ಇಷ್ಟು ಒಂದು ಡಬ್ಬಿಯಲ್ಲಿದ್ದರೆ ಮೂರು ದಿನ ಕಳೆಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ವಾರದಷ್ಟು ಹೆಚ್ಚಿಗೆ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು, ಫ್ರಿಜ್ಜು ನಿಂತರೆ ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಲಿ. ನೀರು ಇಳಿದ ಮೇಲಿನ ವಾರಗಳಲ್ಲಿ ಸೊಳ್ಳೆಯ ಸರದಿ. ಜಿದ್ದಾದಲ್ಲಿ ಡೆಂಗಿ 1994ರಿಂದಲೂ ಇದೆ. ತಾರಸಿಯಲ್ಲಿ, ಎ.ಸಿ. ನೀರಿನ ಬಕೆಟ್ಟಿನಲ್ಲಿ ನಿಂತ ನೀರು ಚೆಲ್ಲಿ. ಜ್ವರ ಬಂದರೆ ಊರಿನಿಂದ ತಂದ ನೋವಿನ ಮಾತ್ರೆ ನುಂಗಿ ಡ್ಯೂಟಿಗೆ ಹೋಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಸಂಸಾರಸ್ಥರ ಮಾತನ್ನೇ ಆಡುತ್ತಿದ್ದೇನೆ, ಆದರೆ ಅಲ್ಲಿ ಹೆಚ್ಚಿನವರು ಸಂಸಾರ ಕರೆದುಕೊಂಡು ಹೋಗದವರು. ಒಂದು ರೂಮಿನಲ್ಲಿ ಆರು ಜನ, ಅದೂ ಬಾಡಿಗೆ ಕಡಿಮೆ ಎಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಅವರದ್ದೂ ಮನೆಯೇ. ಮಳೆಯ ಎಚ್ಚರಿಕೆ ಬಂದ ರಾತ್ರಿ ನೆಲಮಾಳಿಗೆಯಲ್ಲಿ ಮಲಗಬಾರದು, ಮೇಲಿನ ಮಹಡಿಯ ಪರಿಚಯದವರಲ್ಲಿಗೆ ಹೋಗಬೇಕು. ಮೇಲಿನವರು ಬಾಗಿಲು ತೆರೆಯಬೇಕು. ಮೂವತ್ತು ವರ್ಷ ದುಡಿದು ಊರಿಗೆ ಮನೆ ಕಟ್ಟಿಸಿಕೊಟ್ಟವರು ಅಲ್ಲಿ ನೆಲಕ್ಕಿಂತ ಕೆಳಗೆ ಮಲಗುತ್ತಾರೆ ಎಂಬುದು ಆ ಮನೆಯ ಟೈಲ್ಸಿನ ಮೇಲೆ ನಡೆದಾಡುವವರಿಗೆ ಗೊತ್ತಿರಬೇಕು.

ಆತಂಕ ಎರಡೂ ಕಡೆಯದು. 2022ರ ಆಗಸ್ಟ್ 2ರಂದು ಭಟ್ಕಳ ತಾಲೂಕಿನಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಮಳೆ ಬಿದ್ದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದಾಗ, ಕೊಲ್ಲಿಯಲ್ಲಿದ್ದವರು ಊರಿಗೆ ಫೋನು ಹತ್ತದೆ ಒದ್ದಾಡಿದರು. ಅದೇ ವರ್ಷ ನವೆಂಬರಿನಲ್ಲಿ ಊರಿನವರು ಜಿದ್ದಾಕ್ಕಾಗಿ ಒದ್ದಾಡಿದರು. ಇಂಥ ದಿನ ಎಲ್ಲರೂ ಎಲ್ಲರಿಗೂ ಕರೆ ಮಾಡಿದರೆ ಯಾರಿಗೂ ಸಿಗುವುದಿಲ್ಲ, ನೀರಿನಲ್ಲಿ ಸಿಕ್ಕಿಕೊಂಡವರ ಚಾರ್ಜು ಬಂಧುಗಳಿಗೆ ಉತ್ತರ ಕೊಡುವುದರಲ್ಲೇ ಮುಗಿಯುತ್ತದೆ. ಪ್ರತಿ ಕುಟುಂಬವೂ ಒಬ್ಬರನ್ನು ಗೊತ್ತುಮಾಡಿಕೊಳ್ಳಲಿ. ಸುರಕ್ಷಿತವಾಗಿದ್ದೇವೆ ಎಂಬ ಸಂದೇಶ ಆ ಒಬ್ಬರಿಗೆ ಬರಲಿ, ಉಳಿದವರು ಅವರನ್ನು ಕೇಳಲಿ.

ಕೊಲ್ಲಿಯಲ್ಲಿರುವ ನಮ್ಮ ಕನ್ನಡ ಸಂಘಗಳಿಗೆ, ಊರಿನ ಜಮಾತುಗಳಿಗೆ, ಒಕ್ಕೂಟಗಳಿಗೆ ನನ್ನದೊಂದು ಕೋರಿಕೆ ಇದೆ. ರಾಜ್ಯೋತ್ಸವ ಬರುವುದು ನವೆಂಬರಿನಲ್ಲಿ, ಜಿದ್ದಾದ ಮಳೆಗಾಲ ಶುರುವಾಗುವುದೂ ಆಗಲೇ. ಆ ಸಮಾರಂಭಕ್ಕೆ ಬರುವ ಪ್ರತಿ ಮನೆಗೆ, ಫ್ರಿಜ್ಜಿಗೆ ಅಂಟಿಸಲು ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ಬ್ಯಾರಿ, ನವಾಯತಿ, ತುಳು, ಕೊಂಕಣಿ ಮನೆಮಾತಿನವರೂ ಅದನ್ನು ಓದಬಲ್ಲರು. ಹೆಂಗಸರಿಗಾಗಿಯೇ ಅರ್ಧ ದಿನದ ತರಬೇತಿ ಇಡಿ. ಸಭಿಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಇವತ್ತು ರಾತ್ರಿ ಮಗನ ಜತೆಗೋ ಮಗಳ ಜತೆಗೋ ಮಾತಾಡುವಾಗ ಅವರ ಕಟ್ಟಡದ ಚಿಕ್ಕ ವಿಳಾಸ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆ ಗೊತ್ತಿಲ್ಲದಿದ್ದರೆ, ಗೊತ್ತುಮಾಡಿಕೊಂಡು ನಾಳೆ ಹೇಳು ಎನ್ನಿ.